ಏನೂ ಹಾಕದ ಮಡಿ

ಶಿವರಾತ್ರಿ ಮುಗಿದು ವಾರವಾಗಿತ್ತು. ಅರಕೇರಾದ ಹೊಲಗಳಲ್ಲಿ ಬಿಳಿಜೋಳದ ರಾಶಿ ನಡೆದಿತ್ತು. ಮಷಿನ್ನಿನ ಸದ್ದು, ಹೊಟ್ಟಿನ ಧೂಳು, ತಲೆಗೆ ಸೆರಗು ಬಿಗಿದ ಹೆಂಗಸರ ಕೂಗು. ಜಂಬಮ್ಮ ಬೇವಿನ ನೆರಳಿಗೆ ಕುಂತು ಕುರಿಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಾ ಹಾಡುತ್ತಿದ್ದಳು. ಎದುರಿಗೆ ರೆಕಾರ್ಡರ್ ಹಿಡಿದು ಕುಂತಿದ್ದ ಚಂದ್ರಕಲಾಳ ಕಿವಿ ಮಾತ್ರ ರಸ್ತೆಯ ಮೇಲಿತ್ತು.

"ಲೇ ಹುಡುಗಿ, ನಾ ಇಲ್ಲಿ ಹಾಡಾಕತ್ತೀನಿ, ನೀ ಯಾರ ಗಾಡಿ ಸಪ್ಪಳ ಕೇಳಾಕತ್ತಿ?"

"ಯಾರದೂ ಇಲ್ಲ ಅತ್ತೀ, ಹಾಡು."

"ಯಾರದೂ ಇಲ್ಲಂತ! ಆ ಮಣ್ಣಿನ ಮಾಸ್ತರ ರಾಯಚೂರಿಗೆ ಹೋಗಿ ನಾಕು ದಿನ ಆತು. ನಾಕು ದಿನದಿಂದ ನಿನ್ನ ಮಷಿನ್ನಿನಾಗ ಬರೇ ನನ್ನ ಕೆಮ್ಮು ತುಂಬೇದ."

ಚಂದ್ರಕಲಾ ಮಲ್ಲಟದ ಕುರಿಗಾರರ ಮನೆಯವಳು. ಕುರಿ ಕಾಯುವ ಹೆಂಗಸರ ಹಾಡುಗಳ ಮೇಲೆ ಪಿಎಚ್‌ಡಿ ಮಾಡಲು ಸೋದರತ್ತೆ ಜಂಬಮ್ಮನ ಊರಿಗೆ ಬಂದು ವರ್ಷವಾಗಿತ್ತು. ಮಣ್ಣಿನ ಮಾಸ್ತರ ಅಂದರೆ ಪ್ರಭುರಾಜ. ಶಕ್ತಿನಗರದ ಕ್ವಾರ್ಟರ್ಸ್‌ನಲ್ಲಿ ಬೆಳೆದು ಮಣ್ಣಿನ ವಿಜ್ಞಾನ ಓದಿದವನು. ಊರ ಪಕ್ಕದಲ್ಲೇ ಮೂರು ಮಡಿ ಹೊಲ ಗುತ್ತಿಗೆ ಹಿಡಿದು ಮೂರು ವರ್ಷದಿಂದ ಜೋಳ ಬೆಳೆಯುತ್ತಿದ್ದ. ಅವರಿಬ್ಬರಿಗೂ, ಹೆಂಗಸರ ರಕ್ತಹೀನತೆಯ ಬಗ್ಗೆ ಸಂಶೋಧನೆ ಮಾಡಲು ಬಂದ ಡಾಕ್ಟರ್ ದೇವಿಕಾಗೂ ಬಾಡಿಗೆ ಕೋಣೆ ಕೊಟ್ಟವಳು ಹಸೀನಾ ಬೇಗಂ. "ಒಬ್ರು ನಮ್ಮ ರಕ್ತ ಒಯ್ತಾರ, ಒಬ್ರು ಮಣ್ಣು ಒಯ್ತಾರ, ಈಕಿ ಹಾಡು ಒಯ್ತಾಳ. ಕೊನಿಗೆ ಊರಾಗ ಏನು ಉಳೀತದ?" ಅಂತ ಆಕೆ ಚಹಾ ಕೊಡುವಾಗೆಲ್ಲ ಕೇಳುವಳು.

ಚಂದ್ರಕಲಾ ಅಷ್ಟು ಕಾತರದಿಂದ ಕಾಯಲು ಕಾರಣವಿತ್ತು. ಪ್ರಭುರಾಜನ ಮೂರು ಮಡಿಗಳಲ್ಲಿ ಎರಡು ಎದೆಯೆತ್ತರ ಬೆಳೆದಿದ್ದವು. ಮೂರನೆಯದು ಸಣಕಲು. ದಿನಾ ಸಂಜೆ ಅವನು ಆ ಸಣಕಲು ಮಡಿಯ ಬದುವಿನ ಮೇಲೇ ಬಹಳ ಹೊತ್ತು ನಿಲ್ಲುವನು. ಹೇಳಿಕೊಳ್ಳಲಾರದ ಸಂಕಟ ಅದು ಎಂದು ಅವಳಿಗೆ ಅನಿಸಿತ್ತು. ಸೊರಗಿದ ಹೊಲಕ್ಕೆ ಅವಳ ಮಂದಿ ಬಲ್ಲ ಮದ್ದು ಒಂದೇ. ರಾತ್ರಿಯಿಡೀ ಅದರಲ್ಲಿ ಕುರಿ ನಿಲ್ಲಿಸಬೇಕು, ಹಿಕ್ಕೆ ಉಚ್ಚೆ ಮಣ್ಣಿಗೆ ಇಳಿಯಬೇಕು. ಮೊನ್ನೆ ಸಂಜೆ, ಕೊಯ್ಲಾದ ಆ ಮಡಿಯಲ್ಲಿ, ಅವಳ ಮಾತಿಗೆ ಜಂಬಮ್ಮ ನೂರಾ ಅರವತ್ತು ಕುರಿ ನಿಲ್ಲಿಸಿದ್ದಳು. ಪ್ರಭುರಾಜ ಬಂದು ನೋಡುವಾಗ ಅವನ ಮುಖ ನೋಡಬೇಕೆಂಬ ಆಸೆ ಅವಳಿಗೆ.

ಬೈಕು ಬಂತು. ಧೂಳು ತುಂಬಿದ ಹುಬ್ಬಿನ ಕೆಳಗೆ ಅವನ ಕಣ್ಣು ಮೊದಲು ಅವಳನ್ನೇ ಹುಡುಕಿದವು.

"ಎಷ್ಟು ಹಾಡಾದ್ವು ಚಂದ್ರಕಲಾ ಅವ್ರೇ?"

"ನೂರಾ ಹತ್ತು ರೀ."

"ನನಗ ಒಂದನ್ನೂ ಕೇಳಿಸಲಿಲ್ಲ ನೀವು."

"ನೀವು ನಿಮ್ಮ ಮಣ್ಣಿನ ಡಬ್ಬಿ ನನಗ ಮುಟ್ಟಾಕ ಕೊಟ್ಟೀರೇನು? ಬರ್ರಿ, ಮೊದಲು ಹೊಲ ನೋಡ್ರಿ."

ಅವನು ನಗುತ್ತಲೇ ಬಂದ. ಮೂರನೇ ಮಡಿಯ ಹತ್ತಿರ ಬಂದವನು ನಿಂತುಬಿಟ್ಟ. ಕೂಳೆಗಳ ನಡುವೆ ಕಪ್ಪು ಹಿಕ್ಕೆ ಹಾಸಿದಂತೆ ಬಿದ್ದಿತ್ತು. ಅವನು ಕೂತು ಒಂದು ಹೆಂಟೆ ಎತ್ತಿ ಮೂಸಿದ. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಯಾರು ಮಾಡಿದ್ರು ಇದನ್ನ?"

"ಯಾಕ್ರಿ? ಹಿಕ್ಕಿ ಛಲೋ ಅಲ್ಲೇನ್ರಿ?"

"ಒಂದು ಮಡಿಗೆ ಯೂರಿಯಾದಂಥ ಸರ್ಕಾರಿ ಗೊಬ್ಬರ, ಒಂದಕ್ಕ ತಿಪ್ಪಿಗೊಬ್ಬರ. ಇದಕ್ಕ ಏನೂ ಹಾಕಬಾರದು ಅಂತಾನೇ ಮೂರು ವರ್ಷ ಕಾದೀನ್ರಿ. ಏನೂ ಹಾಕದ ಮಡಿ ಇದ್ರ ತಾನೇ ಹಾಕಿದ್ದು ಎಷ್ಟು ಕೆಲಸ ಮಾಡ್ತು ಅಂತ ಗೊತ್ತಾಗೋದು? ಪರೀಕ್ಷೆಗೆ ಕೊನೇ ಮಣ್ಣು ಇವತ್ತು ತೆಗೀಬೇಕಿತ್ತು." ಅವನ ದನಿ ಸಣ್ಣಗಾಯಿತು. "ಹಿಕ್ಕಿ ಬಳಿದು ತೆಗೀಬಹುದು. ಉಚ್ಚಿ ಇಳಿದು ಹೋಗ್ಯಾದ. ಯಾರೋ ಅಲೆಮಾರಿ ಕುರಿಯವ್ರು ಇರಬೇಕು. ನಾಳೆ ಪಂಚಾಯ್ತಿಗೆ ಬರೆದು ಕೊಡ್ತೀನಿ. ಈ ಕಡೆ ಒಂದು ಕುರಿನೂ ಬರಬಾರದು."

ಅವನು ಅವಳ ಕಡೆ ನೋಡದೆ ಹೊರಟುಹೋದ.

ಸಂಜೆ ಹಸೀನಾ ಬೇಗಂಳ ಪಡಸಾಲೆಯಲ್ಲಿ ದೇವಿಕಾ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಳು.

"ನಿನ್ನ ಮಾಸ್ತರಗ ಏನಾಗ್ಯಾದ? ಮುಖ ನೋಡಿದ್ರ ಎರಡು ಬಾಟ್ಲಿ ರಕ್ತ ಏರಿಸಬೇಕು ಅನಸ್ತದ."

ಚಂದ್ರಕಲಾ ನಡೆದದ್ದೆಲ್ಲ ಹೇಳಿದಳು. ದೇವಿಕಾ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ನಂದೂ ಹಂಗಽ ಆಗಿತ್ತವಾ. ಒಂದು ಓಣಿಗೆ ಕಬ್ಬಿಣದ ಗುಳಿಗಿ ಕೊಟ್ಟೆ, ಇನ್ನೊಂದು ಓಣಿಗೆ ಶೇಂಗಾದುಂಡಿ. ತಿಂಗಳು ಬಿಟ್ಟು ನೋಡಿದ್ರ ಎರಡೂ ಓಣಿಯವ್ರು ಹಂಚಿಕೊಂಡು ತಿಂದಾರ! 'ಅಕ್ಕನ ಬಿಟ್ಟು ಹೆಂಗ ತಿನ್ನಲಿ ಡಾಕ್ಟರಮ್ಮ' ಅಂತಾರ. ಏನಂತ ಬೈಲಿ?"

"ಆಮ್ಯಾಲೆ ಏನು ಮಾಡಿದಿ?"

"ಹಂಚಿಕೊಂಡ್ರು ಅಂತ ಇದ್ದಂಗ ಬರದೆ. ಆಗ ಅವ್ರು ಬಂದು ನಿಜ ಹೇಳಿದ್ದಕ್ಕ ನನ್ನ ಕೆಲಸ ಉಳೀತು. ನೀ ಹೇಳಲಿಲ್ಲ ಅಂದ್ರ ಅವನು ಯಾರನ್ನ ಹುಡುಕಬೇಕು? ನಾಳೆ ಪಂಚಾಯ್ತಿಯವ್ರು ನಿಮ್ಮತ್ತಿ ಕುರೀನ ಎಲ್ಲಿ ಮೇಯಿಸು ಅಂತಾರ?"

"ಹೇಳಿದ್ರ ಅವ್ರು ಮತ್ತ ನನ್ನ ಮುಖ ನೋಡಂಗಿಲ್ಲ ದೇವಿಕಾ."

ದೇವಿಕಾ ಚೀಟಿ ಅಂಟಿಸುವುದನ್ನು ಬಿಟ್ಟು ಅವಳ ಬೆನ್ನ ಮೇಲೆ ಕೈಯಿಟ್ಟು ಕುಂತಳು.

ಬೆಳಗಾಗುತ್ತಲೇ ಚಂದ್ರಕಲಾ ಹೊಲಕ್ಕೆ ಹೋದಳು. ಪ್ರಭುರಾಜ ಬದುವಿನ ಮೇಲೆ ಕೂತು ಪಂಚಾಯ್ತಿಗೆ ಅರ್ಜಿ ಬರೆಯುತ್ತಿದ್ದ.

"ಅದನ್ನ ಹರೀರಿ. ಕುರಿ ನಮ್ಮತ್ತೀವು. ನಿಲ್ಲಿಸು ಅಂದಾಕಿ ನಾ."

ಅವನು ಪೆನ್ನು ಹಿಡಿದೇ ತಲೆ ಎತ್ತಿದ. "ಯಾಕ?"

"ಅದು ಸಣಕಲಿತ್ತು. ನೀವು ದಿನಾ ಸಂಜಿ ಬಂದು ಅದನ್ನಽ ನೋಡ್ತಿದ್ರಿ. ನಿಮಗ ಅದರ ಚಿಂತಿ ಹತ್ಯಾದ ಅನಕೊಂಡೆ."

"ಎಲಿ ಎಣಿಸ್ತಿದ್ದೆ ರೀ ನಾ!" ಅವನಿಗೆ ಸಿಟ್ಟು, ನಗು ಎರಡೂ ಒಂದೇ ಸಲ ಬಂದವು. ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು, ನೋಟ್‌ಬುಕ್ಕು ತೆಗೆದು ಅವಳ ಮುಂದೆ ಹಿಡಿದ. "ಬರೀರಿ. ಎಷ್ಟು ಕುರಿ, ಎಷ್ಟೊತ್ತಿಗೆ ಬಂದ್ವು, ಎಷ್ಟೊತ್ತಿಗೆ ಎದ್ದು ಹೋದ್ವು. ಎಲ್ಲಾ."

ಅವಳು ಎಲ್ಲ ಬರೆದಳು. ಒಂದನ್ನು ಬಿಟ್ಟು.

ಎಂಟು ದಿನ ಅವನು ಅವಳೊಡನೆ ಮಾತಾಡಲಿಲ್ಲ. ಹಸೀನಾ ಬೇಗಂ ಕೊಟ್ಟ ಚಹಾವನ್ನು ಇಬ್ಬರೂ ಬೇರೆಬೇರೆ ಮೂಲೆಯಲ್ಲಿ ಕುಡಿದರು. ಅವಳ ಲೋಟದ ಚಹಾ ದಿನಾ ಆರಿಹೋಗುತ್ತಿತ್ತು. ಅವನು ನೋಡುತ್ತಿಲ್ಲವೆಂದು ತಿಳಿದು ಅವನನ್ನು ನೋಡುವಳು; ಅವನು ತಟ್ಟನೆ ಕಣ್ಣು ಸರಿಸಿಕೊಳ್ಳುವುದು ಕಂಡು ಅವಳಿಗೆ ಅಳು ಬರುವುದು.

ಒಂಬತ್ತನೇ ದಿನ ಜಂಬಮ್ಮನ ಬೇವಿನ ಕೆಳಗೆ ಬೈಕು ನಿಂತಿತು. ಪ್ರಭುರಾಜ ಜೋಳದ ಚೀಲವೊಂದನ್ನು ಇಳಿಸಿದ.

"ಯವ್ವಾ, ನನ್ನ ಗೈಡ್ ಸರ್ ಮೊದಲು ಬೈದ್ರು. ಕೊನೇ ಲೆಕ್ಕ ಹೋತು, ಅದು ಹೋಗಿದ್ದು ಹೋತು. ಆದ್ರ ಆಮ್ಯಾಲೆ ಕೇಳಿದ್ರು, ಈ ಊರಿನವ್ರು ಖರೇ ಹಾಕೋ ಗೊಬ್ಬರ ಯಾವುದು, ಅದನ್ನ ಮೂರು ವರ್ಷದಾಗ ಒಮ್ಮೆನಾದ್ರೂ ಅಳದಿ ಏನು ಅಂತ. ಅಳದಿದ್ದಿಲ್ಲ ನಾನು. ಇನ್ನೊಂದು ವರ್ಷ ಇಲ್ಲೇ ಇರ್ತೀನಿ, ಕುರಿ ನಿಂತ ಮಣ್ಣು ನೋಡಾಕ." ಚೀಲವನ್ನು ಮುಂದೆ ಸರಿಸಿದ. "ಒಂದು ರಾತ್ರಿ ಕುರಿ ನಿಲ್ಲಿಸಿದ್ರ ಹೊಲದವ್ರು ಕಾಳು ಕೊಡ್ತಾರಂತ ಈಗ ತಿಳೀತು. ತಪ್ಪು ಯಾರದಾದ್ರೂ ಇರಲಿ, ನಿಮ್ಮ ಕೂಲಿ ತಪ್ಪಬಾರದು."

ಜಂಬಮ್ಮ ಕಾಲಿನಿಂದ ಚೀಲ ಹಿಂದಕ್ಕೆ ನೂಕಿದಳು.

"ಒಯ್ಯಪಾ. ನಾ ಮುಟ್ಟಂಗಿಲ್ಲ."

"ಯಾಕ್ರಿ, ಕಡಿಮಿ ಆತೇನು?"

"ನಮ್ಮ ಮನಿತನದಾಗ ಕಾಳು ತಗೊಳ್ಳದಽ ಕುರಿ ನಿಲ್ಲಿಸೋದು ಒಂದಽ ಕಡೆ. ನಾವು ಹೆಣ್ಣು ಕೊಡೋ ಮನಿ ಹೊಲದಾಗ. ಎಷ್ಟು ಸೇರು ಕೇಳಲಿ ಅಂತ ಈಕೀನ ಕೇಳಿದೆ. 'ಒಂದು ಕಾಳೂ ತಗೋಬ್ಯಾಡ ಅತ್ತೀ' ಅಂದ್ಲು. ಗೊತ್ತಿದ್ದಽ ಅಂದ್ಲು."

ಚಂದ್ರಕಲಾ ರೆಕಾರ್ಡರಿನ ಗುಂಡಿಯನ್ನು ಸುಮ್ಮನೆ ಒತ್ತುತ್ತಿದ್ದಳು. ಕಿವಿಯ ತುದಿ ಕೆಂಪಾಗಿತ್ತು.

"ಇದನ್ಯಾಕ ಬರೀಲಿಲ್ರಿ ನೋಟ್‌ಬುಕ್ಕಿನಾಗ?" ಅವನು ಮೆಲ್ಲಗೆ ಕೇಳಿದ.

"ಅದು ಮಣ್ಣಿನ ಲೆಕ್ಕಕ್ಕ ಬರಂಗಿಲ್ಲ ಅಂತ."

"ಈ ಕಾಳು ಕೊಟ್ಟುಬಿಟ್ರ?"

"ಕೂಲಿ ಮುಟ್ಟಿತು. ಅಲ್ಲಿಗೆ ಮುಗೀತು." ಅವಳು ಈಗ ಕಣ್ಣೆತ್ತಿದಳು. "ನಿಮ್ಮ ವರ್ಷ ಕೆಡಿಸಿದಾಕಿ ನಾ. ಕೊಟ್ರೂ ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಜಂಬಮ್ಮ ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಯಾವುದೂ ಕೇಳಿಸದವಳ ಹಾಗೆ ಅದರ ಕಿವಿಯಲ್ಲಿ ಉಣ್ಣೆಹುಳ ಹುಡುಕತೊಡಗಿದಳು.

ಪ್ರಭುರಾಜ ಬಗ್ಗಿದ. ಚೀಲವನ್ನು ಎದೆಗವಚಿ ಎತ್ತಿ ಮತ್ತೆ ಬೈಕಿನ ಮೇಲಿಟ್ಟ. ಹಗ್ಗ ಸುತ್ತಿ ಬಿಗಿಯುವಾಗ ಗಂಟು ನಿಲ್ಲಲಿಲ್ಲ. ಚಂದ್ರಕಲಾ ಎದ್ದು ಹೋಗಿ ಹಗ್ಗದ ಇನ್ನೊಂದು ತುದಿ ಹಿಡಿದಳು.

"ಅತ್ತೀ," ಅವನು ಜಂಬಮ್ಮನಿಗೆ ಹೇಳಿದ, ಕಣ್ಣು ಮಾತ್ರ ಚಂದ್ರಕಲಾಳ ಮೇಲೆ. "ಒಂದು ಕಾಳೂ ಕೊಡಂಗಿಲ್ರಿ ನಾ ನಿಮಗ."