ಬೆನ್ನ ಮೇಲಿನ ಪಟ್ಟಿ

ಬೆಳಿಗ್ಗೆ ಏಳೂವರೆಗೆ ಇಸ್ತ್ರಿ ಅಂಗಡಿಯ ಯಜಮಾನರು ಠಾಣೆಗೆ ಬಂದರು. ಅಂಗಿಯ ತೋಳಿನ ಗೆರೆ ಅಂಥಾ ಹೊತ್ತಲ್ಲೂ ನೆಟ್ಟಗಿತ್ತು. ಮುಖ ಮಾತ್ರ ರಾತ್ರಿಯಿಡೀ ಹಿಂಡಿ ಹಾಕಿದಂತಿತ್ತು. ಠಾಣೆಯಲ್ಲಿ ದೂರು ಕೊಡಲು ಬಂದವರಿಗೆಲ್ಲ ಕುರ್ಚಿ ಸಿಗುವುದಿಲ್ಲ. ಇವರಿಗೆ ದಫೇದಾರರು ತಮ್ಮದನ್ನೇ ಬಿಟ್ಟುಕೊಟ್ಟರು.

ಯಜಮಾನರ ಒಬ್ಬಳೇ ಮಗಳು ಹಿಂದಿನ ರಾತ್ರಿ ತೀರಿಕೊಂಡಿದ್ದಳು. ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಕೆಲಸ ಮುಗಿಸಿ, ಕಾಲುವೆ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಮನೆಗೆ ಬರುತ್ತಿದ್ದವಳಿಗೆ ಯಾವುದೋ ವಾಹನ ಹಿಂದಿನಿಂದ ಗುದ್ದಿ ಹೋಗಿತ್ತು.

"ಸೈಕಲ್ಲಿಗೆ ಹಿಂದೆ ಲೈಟಿತ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

"ಎರಡು ಸಲ ಹಾಕಿಸಿಕೊಟ್ಟೆ ಸಾರ್. ಎರಡು ಸಲಾನೂ ಆಸ್ಪತ್ರೆ ಸ್ಟ್ಯಾಂಡಲ್ಲಿ ಕದ್ದರು. ಅದಕ್ಕೇ ಹೊಳೆಯೋ ಪಟ್ಟಿ ಇರೋ ಜಾಕೆಟ್ ತಂದುಕೊಟ್ಟೆ. ಮೈಮೇಲಿರೋದನ್ನ ಯಾರು ಕದೀತಾರೆ, ಹೇಳಿ?"

"ನಿನ್ನೆ ಹಾಕ್ಕೊಂಡಿದ್ಲಾ?"

"ಹಾಕ್ದೆ ಹೊರಗೆ ಕಾಲಿಡ್ತಿರಲಿಲ್ಲ. ಸಾರ್, ಅದೊಂದು ಬರೀರಿ. ಬೀದಿಯೋರು ಆಗಲೇ ಶುರು ಹಚ್ಕೊಂಡಿದಾರೆ, ಕತ್ತಲಲ್ಲಿ ಲೈಟಿಲ್ದೆ ಹೋದ್ಲಂತೆ, ತಾನೇ ತಂದ್ಕೊಂಡ್ಲಂತೆ ಅಂತ. ಸತ್ತವಳ ಮೇಲೆ ತಪ್ಪು ಹೊರಿಸೋಕೆ ಇವರ ಗಂಟೇನು ಹೋಗುತ್ತೆ? ನನ್ನ ಮಗಳು ಕಾಣೋ ಹಾಗೇ ಹೋಗ್ತಿದ್ಲು. ಅದು ಕಾಗದದ ಮೇಲೆ ಬರಲಿ. ಇನ್ನೇನೂ ಬೇಡ ನನಗೆ."

ಇನ್‌ಸ್ಪೆಕ್ಟರ್ ಎಫ್‌ಐಆರ್‌ನಲ್ಲಿ ಅದನ್ನು ಅವರ ಮಾತಿನಲ್ಲೇ ಬರೆಸಿದರು.

ಒಂಬತ್ತು ಗಂಟೆಗೆ ಸ್ಥಳ ಪಂಚನಾಮೆ ಆಯಿತು. ಸೈಕಲ್ಲಿನ ಹಿಂದಿನ ಚಕ್ರ ಮಡಿಚಿ ಹೋಗಿತ್ತು. ಡಾಂಬರಿನ ಮೇಲೆ ಬ್ರೇಕ್ ಹಾಕಿದ ಗುರುತು ಸೈಕಲ್ ಬಿದ್ದ ಜಾಗಕ್ಕಿಂತ ಮುಂದೆ ಶುರುವಾಗಿತ್ತು. ಅಂದರೆ ಚಾಲಕ ಗುದ್ದಿದ ಮೇಲೆಯೇ ಬ್ರೇಕ್ ಒತ್ತಿದ್ದ. ಚರಂಡಿಯ ಪಕ್ಕ ಹೆಡ್‌ಲೈಟಿನ ಗಾಜು, ಹಳದಿ ಬಣ್ಣ ಬಳಿದ ಸೈಡ್ ಕನ್ನಡಿಯ ತುಂಡು ಸಿಕ್ಕವು.

ಶವ ಪರೀಕ್ಷೆಯ ವೈದ್ಯರು ಇನ್ನೊಂದು ಮಾತು ಹೇಳಿದರು. ಹುಡುಗಿ ಬಿದ್ದ ತಕ್ಷಣ ಸತ್ತಿಲ್ಲ. ತುಂಬಾ ಹೊತ್ತು ರಕ್ತ ಹೋಗಿದೆ. ಯಾರಾದರೂ ಎತ್ತಿ ತಂದಿದ್ದರೆ ಉಳಿಯುತ್ತಿದ್ದಳು. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಅಲ್ಲಿಂದ ಕೂಗಳತೆಯಲ್ಲಿತ್ತು. ಕೇಳಿದ ದಫೇದಾರರಿಗೂ ಹೆಣ್ಣುಮಕ್ಕಳಿದ್ದರು.

ಹಳದಿ ವಾಹನ ಹುಡುಕುತ್ತಾ ದಫೇದಾರರು ಊರಿನ ಗ್ಯಾರೇಜುಗಳನ್ನೆಲ್ಲ ಸುತ್ತಿದರು. ಇತ್ತ ಠಾಣೆಯಲ್ಲಿ ಮಹಿಳಾ ಕಾನ್‌ಸ್ಟೆಬಲ್ ವಶಪಡಿಸಿಕೊಂಡ ವಸ್ತುಗಳಿಗೆ ಚೀಟಿ ಅಂಟಿಸುತ್ತಿದ್ದಳು. ಸಾಮಾನಿನ ಕೋಣೆಗೆ ಕಿಟಕಿಯಿಲ್ಲ, ಬಲ್ಬು ಹೋಗಿ ತಿಂಗಳಾಗಿತ್ತು. ಅವಳು ಟಾರ್ಚ್ ಹಚ್ಚಿಕೊಂಡೇ ಕೆಲಸ ಮಾಡುತ್ತಿದ್ದಳು.

"ಸಾರ್, ಸ್ವಲ್ಪ ಇಲ್ಲಿ ಬರ್ತೀರಾ?"

ಇನ್‌ಸ್ಪೆಕ್ಟರ್ ಹೋದರು. ಅವಳು ಜಾಕೆಟ್ಟಿನ ಬೆನ್ನಿಗೆ ಟಾರ್ಚ್ ಬಿಟ್ಟಳು. ಅಗಲವಾದ ಎರಡು ಬೂದು ಪಟ್ಟಿಗಳು ಬೂದಾಗಿಯೇ ಉಳಿದವು.

"ಹೊಳೀತಾನೇ ಇಲ್ಲ ಸಾರ್. ಟ್ರಾಫಿಕ್‌ನಲ್ಲಿದ್ದಾಗ ನಾನೂ ಇಂಥದ್ದೇ ಹಾಕ್ತಿದ್ದೆ. ಕಣ್ಣು ಕುಕ್ಕೋದು."

"ಅಗ್ಗದ ಮಾಲಿರಬೇಕು."

"ಅಲ್ಲ. ಇದನ್ನ ನೋಡಿ." ಅವಳು ಕಾಲರನ್ನು ಮೇಲೆತ್ತಿದಳು. ಅದರಡಿ ಮುಚ್ಚಿಹೋಗಿದ್ದ ಬೆರಳಗಲದ ಪಟ್ಟಿ ಫಳ್ಳನೆ ಹೊಳೆಯಿತು.

ಇನ್‌ಸ್ಪೆಕ್ಟರ್ ಜಾಕೆಟ್ಟನ್ನು ಕೈಗೆತ್ತಿಕೊಂಡರು. ರಸ್ತೆಯ ಮಣ್ಣು, ರಕ್ತ ಎಲ್ಲ ಇದ್ದೂ ತೋಳಿನ ಮೇಲೆ ಒಂದು ಗೆರೆ ನೆಟ್ಟಗೆ ನಿಂತಿತ್ತು. ಆ ಗೆರೆಯನ್ನು ಅವರು ಬೆಳಿಗ್ಗೆಯೇ ಇನ್ನೊಂದು ಅಂಗಿಯ ಮೇಲೆ ನೋಡಿದ್ದರು. ಅಯ್ಯೋ ದೇವರೇ, ಅಂದರು.

ಮೂರನೆಯ ದಿನ ವಾಹನ ಸಿಕ್ಕಿತು. ಅದು ಬೇಕರಿಯೊಂದರ ಬ್ರೆಡ್ ವ್ಯಾನು. ಗ್ಯಾರೇಜಿನಲ್ಲಿ ಬಿದ್ದಿದ್ದ ಅದರ ಹಳೆಯ ಕನ್ನಡಿಗೆ ಕಾಲುವೆ ರಸ್ತೆಯ ತುಂಡು ಸರಿಯಾಗಿ ಕೂತಿತು. ಚಾಲಕ ನಲವತ್ತು ದಾಟಿದವನು. ದಫೇದಾರರನ್ನು ಕಂಡವನೇ ಕೈಯಲ್ಲಿದ್ದ ಬ್ರೆಡ್ ಟ್ರೇ ಕೆಳಗಿಟ್ಟು, ಕರೆಯುವ ಮೊದಲೇ ಜೀಪು ಹತ್ತಿದ.

"ಕುಡಿದಿದ್ಯಾ?" ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು.

"ಮುಟ್ಟಲ್ಲ ಸಾರ್."

"ಅವಳನ್ನ ಯಾವಾಗ ನೋಡಿದೆ?"

"ಗುದ್ದಿದ ಮೇಲೆ. ಬೆನ್ನ ಮೇಲೆ ಏನೂ ಹೊಳೀಲಿಲ್ಲ ಸಾರ್, ಮಕ್ಕಳಾಣೆಗೂ."

"ಇಳಿದ್ಯಾ?"

"ಇಳಿದೆ. ಅಣ್ಣಾ ಅಂದ್ಲು."

"ಮತ್ತೆ ಯಾಕೆ ಬಿಟ್ಟು ಓಡಿದೆ?"

"ಜನ ಸೇರ್ತಾರೆ, ಹೊಡೆದು ಹಾಕ್ತಾರೆ ಅಂತ."

"ಆ ರಸ್ತೆಯಲ್ಲಿ ಜನ ಎಲ್ಲಿದ್ರೋ?"

"ಯಾರೂ ಇರಲಿಲ್ಲ ಸಾರ್," ಎಂದು ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಆ ಸಂಜೆ ಕತ್ತಲಾದ ಮೇಲೆ ಅವನನ್ನು ಜೀಪಿನಲ್ಲಿ ಕೂರಿಸಿ ಅದೇ ರಸ್ತೆಗೆ ಕರೆದೊಯ್ದು, ಹೆಡ್‌ಲೈಟಿನ ಬೆಳಕಲ್ಲಿ ಜಾಕೆಟ್ ಎಷ್ಟು ದೂರದಿಂದ ಕಾಣುತ್ತದೆಂದು ಪರೀಕ್ಷೆ ಮಾಡಿದರು. ಮಹಿಳಾ ಕಾನ್‌ಸ್ಟೆಬಲ್ ಹೊಸ ಜಾಕೆಟ್ ತೊಟ್ಟು ನಿಂತಾಗ ಕಾಲುವೆ ಸೇತುವೆಯ ಆಚೆಯಿಂದಲೇ ಅವನು "ಕಾಣ್ತು" ಎಂದ. ಹುಡುಗಿಯ ಇಸ್ತ್ರಿಯಾದ ಜಾಕೆಟ್ಟನ್ನು ಅವಳು ಬೆನ್ನಿಗೆ ಹಿಡಿದು ನಿಂತಾಗ ಹತ್ತಿರ ಬರುವವರೆಗೂ ಅವನು ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಇನ್‌ಸ್ಪೆಕ್ಟರಿಗೂ ಕಾಣಲಿಲ್ಲ. ಠಾಣೆಗೆ ಮರಳಿ ಬಂಧನದ ಕಾಗದಕ್ಕೆ ಚಾಲಕನ ಸಹಿ ಹಾಕಿಸಿದರು. ಅವನ ಜೊತೆಯ ಚಾಲಕನೊಬ್ಬನನ್ನು ಹಿಂದೊಮ್ಮೆ ಅಪಘಾತದ ಜಾಗದಲ್ಲಿ ಜನ ಇವನ ಕಣ್ಣೆದುರೇ ಹೊಡೆದು ಕೊಂದಿದ್ದರು. ಆ ಭಯ ಇವನನ್ನು ಬಿಟ್ಟಿರಲಿಲ್ಲ; ಅದೇ ಭಯಕ್ಕೆ ಹುಡುಗಿಯನ್ನು ಬಿಟ್ಟು ಬಂದಿದ್ದ.

ಮಾರನೆಯ ದಿನ ಇನ್‌ಸ್ಪೆಕ್ಟರ್ ಇಸ್ತ್ರಿ ಅಂಗಡಿಗೆ ಹೋದರು. ಇಂದಲ್ಲ ನಾಳೆ ನ್ಯಾಯಾಲಯದಲ್ಲಿ ವಕೀಲನೊಬ್ಬ ಎಲ್ಲರೆದುರು ಆ ಜಾಕೆಟ್ಟಿಗೆ ಟಾರ್ಚ್ ಬಿಡುತ್ತಾನೆ. ಅದಕ್ಕಿಂತ ಮುಂಚೆ ಈ ಮಾತು ತಮ್ಮ ಬಾಯಿಂದ ಬರುವುದೇ ವಾಸಿ ಎಂದುಕೊಂಡಿದ್ದರು.

"ಸಿಕ್ಕಿದನಂತಲ್ಲ ಸಾರ್. ಏನಂದ?"

"ಕಾಣ್ಲಿಲ್ಲ ಅಂದ."

"ಬೊಗಳ್ತಾನೆ! ಅಂಥಾ ಜಾಕೆಟ್ ಕಾಣದೆ ಹೋಗುತ್ತಾ?"

"ಯಜಮಾನ್ರೇ, ಆ ಪಟ್ಟಿ ಬಿಸಿ ತಡೆಯಲ್ಲ."

ಯಜಮಾನರು ಅರ್ಥವಾಗದೆ ನೋಡಿದರು. ಆಮೇಲೆ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ನೋಡಿದರು. ಅದನ್ನು ಮೆಲ್ಲಗೆ ಪಕ್ಕಕ್ಕೆ ನಿಲ್ಲಿಸಿ ಸ್ವಿಚ್ಚು ಆರಿಸಿದರು.

"ದಿನಾ ಮಾಡ್ತಿದ್ದೆ ಸಾರ್. ಬಿಡಪ್ಪಾ, ರಾತ್ರಿ ಹೊತ್ತು ನನ್ನ ಯಾರು ನೋಡ್ತಾರೆ ಅಂತಿದ್ಲು. ಇಸ್ತ್ರಿ ಅಂಗಡಿಯೋನ ಮಗಳು ಸುಕ್ಕು ಬಟ್ಟೇಲಿ ಹೋಗ್ತಾಳಾ ಅಂತ ನಾನೇ ಕಸಿದುಕೊಂಡು ಮಾಡ್ತಿದ್ದೆ."

"ಅವನು ಎತ್ಕೊಂಡು ಹೋಗಿದ್ರೆ ಉಳೀತಿದ್ಲು. ಅದನ್ನೂ ಬರೆದಿದೀನಿ."

ಯಜಮಾನರಿಗೆ ಅದು ಕೇಳಿಸಿತೋ ಇಲ್ಲವೋ. ಮೇಜಿನ ಮೇಲೆ ಅರ್ಧ ಆಗಿದ್ದ ಯಾರದೋ ಅಂಗಿಯನ್ನು ಸವರುತ್ತಾ ಕುಳಿತಿದ್ದರು. ಕೊನೆಗೆ ಕಣ್ಣೊರೆಸಿಕೊಂಡು ತಲೆಯೆತ್ತಿದರು.

"ಹಾಗಾದ್ರೆ ಅವಳ ತಪ್ಪಿಲ್ಲ, ಅಲ್ವಾ ಸಾರ್?"

"ಇಲ್ಲ."

"ನನ್ನ ಹೇಳಿಕೆ ತಗೊಳ್ಳಿ. ಮಗಳು ಕಾಣೋ ಹಾಗೇ ಹೊರಟಿದ್ಲು, ಕಾಣದ ಹಾಗೆ ಮಾಡಿದ್ದು ಅಪ್ಪ ಅಂತ ಬರ್ಕೊಳ್ಳಿ. ಬೀದಿಯೋರು ಅಂದ್ರೆ ನನ್ನನ್ನ ಅನ್ನಲಿ."

ಇನ್‌ಸ್ಪೆಕ್ಟರ್ ಅಲ್ಲೇ ನಿಂತು ಬರೆದುಕೊಂಡು ಓದಿ ಹೇಳಿದರು. ಯಜಮಾನರು ಒಂದು ಮಾತನ್ನೂ ಬದಲಿಸಲಿಲ್ಲ. ಸಹಿ ಹಾಕುವ ಮೊದಲು, ಕಾಗದದ ನಡುವಿನ ಮಡಿಕೆಯನ್ನು ಅಂಗೈಯಿಂದ ಒತ್ತಿ ಸಮ ಮಾಡಿದರು.