ಗಂಟಿನೊಳಗಿನ ಮೊಳೆ

"ಆ ಗಂಟು ಮಾತ್ರ ಮುಟ್ಟಬೇಡಿ, ಅಳಿಯಂದ್ರೇ. ಒಳಗೆ ಮೊಳೆ ಇದೆ."

ಮಾವ ಕಮ್ಮಾರ, ಸುಮ್ಮಸುಮ್ಮನೆ ಬಾಯಿ ಬಿಡುವ ಆಸಾಮಿಯಲ್ಲ. ಅಂದು ಬಾಯಿ ಬಿಟ್ಟ. ಕುಲುಮೆಯ ಮೇಲಿನ ಹೊಟ್ಟೆಕಿಚ್ಚಿಗೆ ಅವನ ಒಡಹುಟ್ಟಿದ ತಮ್ಮನೇ ಹಿಂದೆ ಮಾಟ ಮಾಡಿಸಿದ್ದ: ಈ ಕುಲುಮೆಯಲ್ಲಿ ದುಡಿಯುವ ಕೈ ತನ್ನವರನ್ನೇ ಕಡಿಯಲಿ ಎಂದು. ಮಾವ ಕರೆಸಿದ ಮಂತ್ರವಾದಿಯೊಬ್ಬ ಆ ಮಾಟವನ್ನು ಮೊಳೆಯಲ್ಲಿ ಕಟ್ಟಿ, ಹಸಿ ಮರಕ್ಕೆ ಹೊಡೆದ. ಮರ ಗಾಯದ ಮೇಲೆ ಊದಿಕೊಂಡು, ಗಂಟುಗಟ್ಟಿ, ಮೊಳೆಯನ್ನು ನುಂಗಿತು. ಗಾಳಿಗೆ ಮರ ಉರುಳಿದಾಗ ಮಾವ ಗಂಟನ್ನು ತಂದು ಅಟ್ಟಕ್ಕೆ ಹಾಕಿದ್ದ. ಸುಟ್ಟರೆ ಮೊಳೆ ಹೊರಬರುತ್ತದೆ. ಬೇರೆಯವರಿಗೆ ಕೊಟ್ಟರೆ ಪಾಪ.

"ಮೊಳೆಗೆ ಹೆದರೋ ಕಮ್ಮಾರನ್ನ ಇವತ್ತೇ ನೋಡಿದ್ದು ಮಾವ!" ಅಳಿಯ ನಕ್ಕ.

ಚಾಕು ಅಂಗಡಿಯಲ್ಲಿ ನಿಂತು ಮಾತು ಮಾರಿದವನು, ಕೈಯಾರೆ ಚಾಕು ಮಾಡುವ ಹುಚ್ಚಿಗೆ ಹೆಂಡತಿಯ ತವರು ಸೇರಿದ್ದ. ಕೆಟ್ಟವನಲ್ಲ, ಹೆಂಡತಿಯೆಂದರೆ ಜೀವ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮಾವ ಕೊಡಲಿ ಹೆಗಲೇರಿಸಿ ಸೌದೆಗೆ ಹೋದ ಮಧ್ಯಾಹ್ನ, ಅಳಿಯ ಗಂಟಿಗೆ ಗರಗಸ ಇಟ್ಟ. ಮೊದಲು ಒದ್ದೆ ಮಣ್ಣಿನ ವಾಸನೆ. ಆಮೇಲೆ ಸುಟ್ಟ ಕೂದಲಿನದು. ಗರಗಸ ಕಿರ್ರೆಂದಿತು. ಇಕ್ಕಳ ಹಾಕಿ ಮೊಳೆ ಕಿತ್ತ. ಅಷ್ಟು ಹಳೆಯ ಮೊಳೆಗೆ ತುಕ್ಕೇ ಇಲ್ಲ, ಮುಟ್ಟಿದರೆ ಬೆಚ್ಚಗಿತ್ತು.

ಗಂಟಿನ ಒಡಲಲ್ಲಿ ಎಳೆಗಳು ಸುಳಿಸುಳಿಯಾಗಿದ್ದವು. ಇಂಥ ಚೆಲುವಿನ ಹಿಡಿ ಯಾವ ಅಂಗಡಿಯಲ್ಲಿದೆ? ಸುತ್ತಿಗೆಯ ಏಟಿನ ಗುರುತು, ಬೆಂಕಿಯ ಕಪ್ಪು ಹಾಗೇ ಉಳಿಸಿದ್ದ ಅಲಗೊಂದು ಸಿದ್ಧವಿತ್ತು. ಅದರ ಎರಡೂ ಬದಿಗೆ ಮರದ ಹೋಳು ಕೂರಿಸಿ ರಿವೆಟ್ಟಿಗೆ ಹುಡುಕಿದ. ಮೊಳೆಯೇ ಇತ್ತಲ್ಲ! ಒಳ್ಳೆಯ ಕಬ್ಬಿಣ ಎಸೆಯುವುದೇಕೆ? ಅದನ್ನೇ ತೂರಿಸಿ, ಎರಡೂ ತುದಿ ಬಡಿದು ಬಿಗಿದ.

ಹಿಡಿದು ನೋಡಿದ. ಅಂಗೈಗೆ ಹದವಾಗಿ ಕೂತಿತು. ಕೆಳಗಿಡಲು ಹೋದ.

ಬೆರಳು ಬಿಡಲಿಲ್ಲ.

ಎಡಗೈಯಿಂದ ಬಿಡಿಸಲು ನೋಡಿದ. ಬಿಡಲಿಲ್ಲ. ಕುಲುಮೆಯ ಬೆಂಕಿ ತಾನಾಗಿ ಕುಗ್ಗಿ ಕೋಣೆ ಕಪ್ಪಾಯಿತು. ಮತ್ತೆ ಸುಟ್ಟ ಕೂದಲಿನ ವಾಸನೆ. ಬಾಗಿಲಲ್ಲಿ ಹೆಂಡತಿ, ಕೈಯಲ್ಲಿ ಗಾಜಿನ ಲೋಟ.

"ರೀ, ಟೀ ಆರ್ತಾ ಇದೆ."

ಬಲಗೈ ಆ ದನಿಯತ್ತ ತಿರುಗಿತು. ಅವನು ತಿರುಗಿಸಿರಲಿಲ್ಲ.

"ಓಡೇ! ಹತ್ರ ಬರ್ಬೇಡ!"

"ಏನ್ರೀ ಇದು ತಮಾಷೆ?"

ಕೈ ಅಲಗು ಬೀಸಿತು. ಲೋಟ ಚೂರಾಯಿತು. ಅವಳು ಓಡಿದಳು. ಕೈ ಅವನನ್ನು ಎಳೆದುಕೊಂಡು ಹೊರಟಿತು. ಹೊಸ್ತಿಲು. ಅಂಗಳ. ಅವಳ ಬೆನ್ನು ಅಲ್ಲಿನ ಮರಕ್ಕೆ ಬಡಿಯಿತು. ಕೈ ಮೇಲೆದ್ದಿತು. ಎಡಗೈಯಿಂದ ಅದನ್ನು ತಳ್ಳಿದ. ಅವಳ ಕಿವಿಯ ಪಕ್ಕ ಕಾಂಡದೊಳಗೆ ಅಲಗು ಇಳಿಯಿತು, ಮೊಳೆ ಮರೆಯಾಗುವಷ್ಟು. ಅವಳು ಕುಸಿದಳು. ಕೈ ಚಾಕುವನ್ನು ಅಲ್ಲಾಡಿಸಿ ಕೀಳತೊಡಗಿತು.

ಸೌದೆಯ ಹೊರೆ ದೊಪ್ಪನೆ ಬಿತ್ತು. ಮಾವ ಬಂದಿದ್ದ.

"ಮೊಳೆ ಮರದಲ್ಲೇ ಉಳೀಬೇಕು. ಆ ಕೈ ಅದನ್ನ ಉಳಿಯೋಕೆ ಬಿಡಲ್ಲ," ಎಂದು ಕೊಡಲಿ ಎತ್ತಿದ. "ಹೇಳಿ ಅಳಿಯಂದ್ರೇ. ಕೈಯೋ, ನನ್ನ ಮಗಳೋ?"

ಅಳಿಯ ಹೆಂಡತಿಯನ್ನು ನೋಡಿದ. ಅವಳು ನೋಡುತ್ತಿದ್ದುದು ಚಾಕುವನ್ನಲ್ಲ, ಅವನನ್ನು.

"ಕಡೀರಿ."

ಆ ಮರದ ಗಾಯ ಈಗ ಮುಚ್ಚಿಕೊಂಡಿದೆ. ತೊಗಟೆ ಚಾಕುವನ್ನು ನುಂಗಿ, ಬೆರಳುಗಳನ್ನೂ ನುಂಗಿ, ಗಂಟಾಗಿ ಊದಿದೆ. ಹೆಂಡತಿ ಅವನನ್ನು ಬಿಟ್ಟುಹೋಗಿಲ್ಲ. ಬಡಿಸುತ್ತಾಳೆ, ಅಂಗಿಯ ಗುಂಡಿ ಹಾಕುತ್ತಾಳೆ, ಎಡಕ್ಕೇ ನಿಂತು. ಅವಳು ಹತ್ತಿರ ಬಂದಾಗಲೆಲ್ಲ ಅವನು ಉಸಿರು ಹಿಡಿಯುತ್ತಾನೆ. ಅಂಗಳದ ಗಂಟಿನೊಳಗೆ ಬೆರಳುಗಳು ಬಿಗಿಯಾಗುವುದು ಅವನಿಗೊಬ್ಬನಿಗೇ ಗೊತ್ತಾಗುತ್ತದೆ.