ಹಗೇವಿನೊಳಗಿನ ಹೊಳೆ

ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟುವ ಮೊದಲು ಸಿರಿವಳವೆಂಬ ರಾಜ್ಯವಿತ್ತು. ಧೂಮಕಂಠನೆಂಬ ಮಾಂತ್ರಿಕ ಅದರ ರಾಜನನ್ನು ಕೊಂದು, ಕಾಡು, ಹಕ್ಕಿ, ಹೊಳೆಗಳನ್ನೆಲ್ಲ ಬೂದಿ ಮಾಡಿದ. ಅವುಗಳ ಹೆಸರೆತ್ತಿದವರನ್ನು ಕಲ್ಲು ಮಾಡಿದ. ಆಮೇಲೆ ಹುಟ್ಟಿದ ಮಕ್ಕಳು ಬಾವಿಯ ತಳದ ಕಹಿನೀರು ಕುಡಿದು, ಬೂದಿಯಲ್ಲೇ ಆಡಿ ಬೆಳೆದರು. ಹಸಿರೆಂದರೇನೆಂದು ಅವರಿಗೆ ಗೊತ್ತಿರಲಿಲ್ಲ.

ಆ ರಾಜ್ಯದ ಒಂದು ಊರಿನಲ್ಲಿ ನಾಗಲಾಂಬೆ ಎಂಬ ವಿಧವೆ ಇದ್ದಳು. ತೀರಿಹೋದ ಗಂಡ ಸೊಪ್ಪು, ಹೂಗಳ ರಸದಲ್ಲಿ ಬರೆದ ಚಿತ್ರಪುಸ್ತಕವೊಂದು ಅವಳ ಬಳಿಯಿತ್ತು. ತಾನು ಸತ್ತರೆ ಈ ಮಕ್ಕಳಿಗೆ ಅದರಲ್ಲಿರುವವುಗಳ ಹೆಸರು ಹೇಳುವವರಾರು ಎಂಬ ಸಂಕಟ ಅವಳನ್ನು ಸುಡುತ್ತಿತ್ತು. ಕೊನೆಗೆ, ಕಾಳು ತುಂಬುವ ಹಗೇವು ಬರಿದಾಗಿ ಬಿದ್ದಿತ್ತಲ್ಲ, ಆ ನೆಲಮಾಳಿಗೆಗೆ ಪುಟ್ಟ ಮಕ್ಕಳನ್ನು ಕರೆದು, ದೀಪ ಹಚ್ಚಿ, ಮೊದಲ ಪುಟ ತೆರೆದಳು.

ಪುಟದಲ್ಲಿದ್ದ ಪುಟ್ಟ ರೆಕ್ಕೆಯ ಜೀವವನ್ನು ನೋಡಿ, ಅದು ಕಚ್ಚುತ್ತದೆಯೇ ಎಂದು ಒಂದು ಮಗು ಕೇಳಿತು. ನಾಗಲಾಂಬೆ ಅಂಗೈಯನ್ನು ಕುಪ್ಪಳಿಸುವಂತೆ ಆಡಿಸಿ ಅದರ ನಡಿಗೆ ತೋರಿಸಿದಳು, ಚಿಂವ್ ಎಂದು ಅದರ ದನಿ ತೆಗೆದಳು, ಆಮೇಲೆ ಹೆಸರು ಹೇಳಿದಳು. ಮಕ್ಕಳೆಲ್ಲ "ಗುಬ್ಬಿ" ಎಂದು ಕರೆದರು. ಗುಬ್ಬಿ ಪುಟದಿಂದ ಎದ್ದು, ರೆಕ್ಕೆ ಕೊಡವಿ, ಹಾರಿಹೋಯಿತು.

ಒಡನೆ ಧೂಮಕಂಠ ಹೊಗೆಯಾಗಿ ಇಳಿದು ಬಂದ. ಅವಳೇ ಕೈಯಾರೆ ಕೊಡದೆ ಆ ಪುಸ್ತಕವನ್ನು ಮುಟ್ಟಲು ಅವನಿಂದಾಗದು. ಕೊಡು ಎಂದ. ಅವಳು ಕೊಡಲಿಲ್ಲ. ಅವಳ ಕಾಲು ಕಲ್ಲಾದವು.

ಮರುದಿನ ಹೊಂಗೆಮರದ ಪುಟ. ನೆರಳೆಂದರೆ ಗೋಡೆಯದೊಂದೇ ಎಂದು ಮಕ್ಕಳು ತಿಳಿದಿದ್ದರು. ಅವಳು ತೋಳೆತ್ತಿ ಕೊಂಬೆಯಾದಳು. ಮರದ ಕೆಳಗೆ ಕುಳಿತವರಿಗೆ ಸಿಗುವ ತಂಪನ್ನು ಬಣ್ಣಿಸಿ, ಹೆಸರು ಹೇಳಿದಳು. ಮಕ್ಕಳು "ಹೊಂಗೆ" ಎಂದು ಕರೆದರು. ಮರ ಹಗೇವಿನ ಚಾವಣಿ ಸೀಳಿ ಮೇಲೆದ್ದಿತು. ಮತ್ತೆ ಹೊಗೆ ಬಂತು. ಮತ್ತೆ ಕೊಡು ಎಂದ, ಅವಳು ಕೊಡಲಿಲ್ಲ. ಅವಳ ಕೈ ಕಲ್ಲಾದವು.

"ಇನ್ನೊಂದು ಪುಟ ತೆರೆದರೆ ಕಲ್ಲಾಗುವುದು ನೀನೊಬ್ಬಳೇ ಅಲ್ಲ, ಈ ಮಕ್ಕಳೂ" ಎಂದು ಹೇಳಿ ಮಾಂತ್ರಿಕ ಹೋದ.

ಪಾಠ ಸಾಕು, ಮನೆಗೆ ಹೋಗಿ ಎಂದು ನಾಗಲಾಂಬೆ ಮಕ್ಕಳನ್ನು ಬೇಡಿಕೊಂಡಳು. ಎಲ್ಲರಿಗಿಂತ ಚಿಕ್ಕವಳಾದ ಸಂಕಿ ಎದ್ದು ಬಂದು ಪುಸ್ತಕದೆದುರು ಕುಳಿತಳು.

"ಮುಂದಿನ ಪುಟದಲ್ಲಿ ಏನಿದೆ ಅಂತ ನೋಡಿಯೇ ಹೋಗ್ತೀವಿ, ಅವ್ವಾ."

ಅವಳೇ ಪುಟ ತಿರುವಿದಳು. ನಾಗಲಾಂಬೆ ಬಾಯಿ ತೆರೆಯುವಷ್ಟರಲ್ಲಿ ಹೊಗೆ ಕವಿಯಿತು. ಅವಳ ನಾಲಿಗೆ ಕಲ್ಲಾಯಿತು. ಒಂದು ಮಗು ಮೊಣಕಾಲವರೆಗೆ ಕಲ್ಲಾಗಿ ಅಳತೊಡಗಿತು. ಚಿತ್ರದಲ್ಲಿ ಉದ್ದನೆಯ ನೀಲಿಯೊಂದಿತ್ತು. ಹಾವು ಎಂದರು ಕೆಲವರು, ಒಣಹಾಕಿದ ಸೀರೆ ಎಂದರು ಕೆಲವರು. ಯಾವುದೂ ಏಳಲಿಲ್ಲ. ಹೇಳಬೇಕಾದವಳು ಸುಮ್ಮನೆ ನೋಡುತ್ತ ಕಣ್ಣೀರು ಸುರಿಸಿದಳು.

ಸಂಕಿ ಚಿತ್ರದಲ್ಲಿದ್ದ ಬೆಟ್ಟದ ತುದಿಯಿಂದ ಕೆಳಗಿನವರೆಗೆ ಆ ನೀಲಿಯ ಮೇಲೆ ಬೆರಳಾಡಿಸಿದಳು.

"ಇದು ನಡೀತಾ ಇದೆ" ಎಂದಳು. "ನಮ್ಮಜ್ಜಿ ಸಾಯುವಾಗ ಹೊಳೆ ನೀರು ಬೇಕು ಅಂತ ಕೇಳಿತ್ತು. ಇದೇನಾ ಹೊಳೆ?"

ಮಕ್ಕಳೆಲ್ಲ ಒಟ್ಟಿಗೆ "ಹೊಳೆ" ಎಂದು ಕರೆದರು.

ಹೊಳೆ ಪುಟದಿಂದ ಧುಮುಕಿತು. ಧೂಮಕಂಠ ನೀರು ಬಿದ್ದ ಕೆಂಡದಂತೆ ಚುಂಯ್ ಎಂದು ಆರಿಹೋದ. ನೀರು ಮುಟ್ಟಿದಲ್ಲೆಲ್ಲ ಕಲ್ಲು ಕರಗಿ ಮೈಯಾಯಿತು. ಹಗೇವಿನಲ್ಲಿ ನೀರೇರುತ್ತಿದ್ದಂತೆ ಮಕ್ಕಳು ನಾಗಲಾಂಬೆಯ ಕೈಹಿಡಿದು ಹೊಂಗೆಯ ಕೊಂಬೆಗೆ ಎಳೆದುಕೊಂಡರು. ಬೀದಿಬೀದಿಯಲ್ಲಿ ಕಲ್ಲಾಗಿ ನಿಂತವರು ಎದ್ದು ಮನೆಗೆ ನಡೆದರು. ಮುಚ್ಚಿದ ಬಾಯೊಳಗಿದ್ದ ನಾಗಲಾಂಬೆಯ ನಾಲಿಗೆಯನ್ನು ಮಾತ್ರ ಆ ಮೊದಲ ನೀರು ಮುಟ್ಟಲಿಲ್ಲ; ಅದು ಕಲ್ಲಾಗಿಯೇ ಉಳಿಯಿತು.

ಆದರೂ ಅವಳು ಪಾಠ ಬಿಡಲಿಲ್ಲ. ಮಕ್ಕಳನ್ನು ಬಯಲಿಗೆ ಕರೆದೊಯ್ದು, ಹೊಳೆಯ ನೀರಿಗೆ ಚಿಗುರಿದ್ದರತ್ತ ಬೆರಳು ತೋರಿಸುವಳು. ಅವರು ಹೆಸರು ಹೇಳುವರು. ಗೊತ್ತಿಲ್ಲದ್ದಕ್ಕೆ ತಾವೇ ಹೆಸರಿಡುವರು, ಅವಳು ತಲೆಯಾಡಿಸುವಳು. ಸಿರಿವಳದವರು ಆ ಹೆಸರುಗಳನ್ನೇ ಆಡುತ್ತ, ಆ ನೀರನ್ನೇ ಕುಡಿಯುತ್ತ ತಣ್ಣಗೆ ಬಾಳಿದರು.